ಸೋಸಿದ ಬೂದಿ

ನವೆಂಬರ್ 9

ಅಕ್ಕಾ,

ಈ ಕಾಗದವನ್ನು ನಮ್ಮ ಲಾರಿ ಓಡಿಸುವ ಮೀಸೆಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಫೋನು ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಹರಿದುಹಾಕುವ ಮುಂಚೆ ಎರಡು ಸಾಲಾದರೂ ಕಣ್ಣಿಗೆ ಬಿದ್ದಿರುತ್ತದೆ. ಆ ಎರಡು ಸಾಲು ಈಗಾಗಲೇ ಮುಗಿದವು, ಆದ್ದರಿಂದ ಬೇಗ ಹೇಳಿಬಿಡುತ್ತೇನೆ: ನನಗೆ ಬೂದಿ ಬೇಕು. ಮೂರು ಮೂಟೆ.

ನಗಬೇಡ. ನಿಮ್ಮ ವಿದ್ಯುತ್ ಸ್ಥಾವರದ ಕಚೇರಿಗೆ ಐದು ಅರ್ಜಿ ಹಾಕಿದೆ. ದಿನಕ್ಕೆ ಒಂದು ಗುಡ್ಡದಷ್ಟು ಬೂದಿಯನ್ನು ಹೊಂಡಕ್ಕೆ ಸುರಿಯುವವರಿಗೆ ಮೂರು ಮೂಟೆ ಕೊಡಲು ನಾಲ್ಕು ಸಹಿ ಬೇಕಂತೆ. ಹದಿನೆಂಟು ವರ್ಷದಿಂದ ಅದೇ ಬೂದಿ ವಿಭಾಗದಲ್ಲಿರುವ ನೀನು ಹೇಳಿದರೆ ಒಂದು ಮಧ್ಯಾಹ್ನದ ಕೆಲಸ.

ನಾನೀಗ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಎರಡು ಶೆಡ್ಡು, ಒಂದು ಒಲೆ, ಏಳು ಜನ. ಬೂದಿಗೆ ಕ್ಷಾರದ ನೀರು ಬೆರೆಸಿ, ನೊರೆ ಬರಿಸುವ ಪುಡಿ ಹಾಕಿ ಅಚ್ಚಿಗೆ ಸುರಿದರೆ ಉಬ್ಬಿಕೊಂಡು ಹಲಗೆಯಾಗುತ್ತದೆ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಗುಳ್ಳೆಯೊಳಗಿನ ಗಾಳಿ ಬಿಸಿಯನ್ನು ಆಚೆಯಿಂದ ಈಚೆಗೆ ಬಿಡುವುದಿಲ್ಲ. ತಗಡಿನ ಸೂರಿನ ಕೆಳಗೆ ಇದನ್ನು ಕೂರಿಸಿದರೆ ಮನೆ ತಣ್ಣಗಿರುತ್ತದೆ. ಯಾವ ತಗಡು ಎಂದು ನಾನು ಬಿಡಿಸಿ ಹೇಳಬೇಕೇ? ನಿಮ್ಮ ಕಾರ್ಮಿಕರ ಸಾಲುಮನೆಗಳು ನೂರ ನಲವತ್ತು. ಎಲ್ಲಕ್ಕೂ ಅದೇ ತಗಡು. ಅದರಲ್ಲೊಂದರ ಕೆಳಗೆ ಭಾವ.

ಆವತ್ತು ಆಸ್ಪತ್ರೆಯಿಂದ ಯಾಕೆ ಹಾಗೆ ಹೋದೆ ಎಂದು ಬರೆಯಬೇಕೆಂದೇ ಕೂತೆ. ಎರಡು ಸಲ ಎದ್ದು ಅಂಗಳ ಸುತ್ತಿ ಬಂದೆ. ಆಗುತ್ತಿಲ್ಲ. ಬೂದಿ ಕಳಿಸು. ಬೈಗುಳವಿದ್ದರೆ ಅದನ್ನೂ ಮೂಟೆಗೆ ಕಟ್ಟಿ ಕಳಿಸು.

ಗೇಟಿನ ಕಡೆಗೇ ಕಿವಿಯಿಟ್ಟಿರುವ
ನಿನ್ನ ತಮ್ಮ


ನವೆಂಬರ್ 30

ಬುಗುರಿ,

ಕಾಗದ ಹರಿಯಲಿಲ್ಲ. ಪೂರ್ತಿ ಓದಿಕೊಂಡೇ ಬೈಯೋಣ ಎಂದು ಇಟ್ಟುಕೊಂಡೆ.

ಬಾಯ್ಲರಿನ ಹಬೆ ಬಡಿದು ನಿನ್ನ ಭಾವ ವಾರ್ಡಿನಲ್ಲಿ ಮಲಗಿದ್ದಾಗ, ಮೂರನೆಯ ದಿನ, "ಹಣ್ಣು ತಗೊಂಡು ಬರ್ತೀನಿ ಅಕ್ಕ" ಎಂದು ಹೋದವನು ನೀನು. ನಾಲ್ಕು ವರ್ಷವಾಯಿತು. "ಎಲ್ಲೋ ಜಮೀನು ತಗೊಂಡು ಸಸಿ ನೆಟ್ಟಿದಾನೆ ಕಣೆ, ಫಲ ಬಿಡೋವರೆಗೂ ಕಾಯ್ತಿದಾನೆ" ಎಂದು ಇವರು ನಗುತ್ತಾರೆ. ಇವರಿಗೆ ಎಲ್ಲದಕ್ಕೂ ನಗು. ನನಗೆ ಬರಲಿಲ್ಲ. ನೋಡಲು ಆಗಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೂ ನೋಡಲು ಆಗುತ್ತಿರಲಿಲ್ಲ. ನಾನು ನೋಡಿದೆ, ಅಷ್ಟೇ.

ಇವರು ಹೇಗಿದ್ದಾರೆ ಎಂದು ನೀನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಬೆನ್ನು, ಕುತ್ತಿಗೆ, ಬಲಗೈ, ಅಲ್ಲೆಲ್ಲ ಚರ್ಮ ಕೂಡಿಕೊಂಡಿದೆ. ಆದರೆ ಅದು ಬೆವರುವ ಚರ್ಮವಲ್ಲ. ಎಲ್ಲರಿಗೂ ಬಿಸಿಲು ಬಂದು ಬೆವರಾಗಿ ಹೋಗುತ್ತದೆ, ಇವರಿಗೆ ಒಳಗೇ ಕೂತುಬಿಡುತ್ತದೆ. ಮಾರ್ಚಿನಿಂದ ಮಳೆ ಬರುವವರೆಗೆ ಮೈಮೇಲೆ ಒದ್ದೆ ಬಟ್ಟೆ. ಅರ್ಧ ಗಂಟೆಗೆ ಬಟ್ಟೆ ಒಣಗುತ್ತದೆ. ನಾನು ಪಾಳಿಯಲ್ಲಿದ್ದರೆ ಒದ್ದೆ ಮಾಡಿಕೊಡುವವರಿಲ್ಲ. ಹೋದ ಬೇಸಿಗೆಯಲ್ಲಿ ಒಂದು ದಿನ ಮನೆಗೆ ಬಂದಾಗ ಇವರು ನೀರಿನ ತೊಟ್ಟಿಗೆ ಒರಗಿಕೊಂಡು, ಏನು ಕೇಳಿದರೂ ಉತ್ತರ ಕೊಡದ ಸ್ಥಿತಿಯಲ್ಲಿದ್ದರು. ಇನ್ನೊಂದು ಬೇಸಿಗೆ ಹೀಗೇ ಕಳೆಯುತ್ತದೆಯೋ ಇಲ್ಲವೋ ಎಂದು ನನಗೆ ಭಯ.

ಆದ್ದರಿಂದ ಬೂದಿ ಕಳಿಸಿದ್ದೇನೆ. ನಿನ್ನ ಮೇಲಿನ ಪ್ರೀತಿಗಲ್ಲ. ಮೂರು ಮೂಟೆ. ಒಳ್ಳೆಯದನ್ನೇ ಕಳಿಸಿದ್ದೇನೆ. ಎರಡು ವಾರ ತಡವಾಯಿತು, ಯಾಕೆ ಎಂದು ಕೇಳಬೇಡ. ಹಲಗೆ ಆದರೆ ಮೊದಲು ನಮ್ಮ ಮನೆಗೆ ಬರಬೇಕು.

ಬೈದು ಇನ್ನೂ ಮುಗಿದಿಲ್ಲದ
ಅಕ್ಕ


ಜನವರಿ 21

ಅಕ್ಕಾ,

ಉಬ್ಬಿತು! ಮೊದಲನೆಯ ಸಲಕ್ಕೇ ಉಬ್ಬಿತು. ಮೂರು ವರ್ಷದಿಂದ ಬೇರೆ ಬೇರೆ ಕಡೆಯ ಬೂದಿ ತರಿಸಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುತ್ತಿದ್ದವರು ನಾವು. ಅಚ್ಚಿನ ಬಾಯಿಗೆ ಸಮನಾಗಿ ಏರಿ ನಿಂತದ್ದನ್ನು ನೋಡಿ ನಮ್ಮ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

ಇಪ್ಪತ್ತೆಂಟು ದಿನ ಒಣಗಲು ಬಿಡಬೇಕು. ಆ ಇಪ್ಪತ್ತೆಂಟು ದಿನ ನಾನು ಕೂತ ನೆನಪಿಲ್ಲ. ಆಮೇಲೆ ಪರೀಕ್ಷೆ. ಮರದ ಪೆಟ್ಟಿಗೆಯ ಮೇಲೆ ತಗಡು, ತಗಡಿನ ಕೆಳಗೆ ಹಲಗೆ, ಮೇಲಿನಿಂದ ದೀಪಗಳ ಶಾಖ. ತಗಡು ಎಪ್ಪತ್ತು ಡಿಗ್ರಿ ಮುಟ್ಟಿದಾಗ ಪೆಟ್ಟಿಗೆಯೊಳಗೆ ಮೂವತ್ತಮೂರು. ಸ್ಥಾವರದ ವಸತಿ ವಿಭಾಗದವರು ಬಂದಿದ್ದರು. ನೂರ ನಲವತ್ತು ಮನೆಗೂ ಬೇಕು ಎಂದರು. ವರದಿಗೆ ನಾನೇ ಸಹಿ ಹಾಕಿದೆ: "ಸ್ಥಾವರದ ಬೂದಿಯನ್ನು ಬಂದ ಹಾಗೆಯೇ ಬಳಸಲಾಗಿದೆ." ಆ ಸಾಲು ಮುಖ್ಯ. ಬೂದಿಗೆ ಯಾವ ಸಂಸ್ಕಾರವೂ ಬೇಡ, ಲಾರಿಯಿಂದ ಇಳಿಸಿ ಸುರಿದರೆ ಸಾಕು ಎಂಬುದೇ ನಮ್ಮ ಹಲಗೆಯ ಹೆಚ್ಚುಗಾರಿಕೆ.

ಮೀಸೆ ಇಪ್ಪತ್ತು ಹಲಗೆ ತರುತ್ತಿದ್ದಾನೆ, ಪ್ರಯೋಗಕ್ಕೆ ಒಂದು ಮನೆ ಎಂದು ಬರೆಸಿಕೊಂಡಿದ್ದೇನೆ. ಭಾವನ ಕೋಣೆಗೆ ಸರಿಯಾಗುತ್ತದೆ. ಕೂರಿಸುವ ಕ್ರಮ ಈ ಹಾಳೆಯ ಹಿಂಬದಿಯಲ್ಲಿದೆ. ನಾನೇ ಬರಬೇಕಿತ್ತು. ಬರುತ್ತೇನೆ. ಈಗ ಕೆಲಸ ಬಹಳ.

ಬೆರಳೆಲ್ಲ ಕ್ಷಾರ ತಿಂದು ಸಿಪ್ಪೆ ಎದ್ದಿರುವ
ನಿನ್ನ ತಮ್ಮ


ಮಾರ್ಚ್ 5

ಬುಗುರಿ,

ನಿನ್ನೆ ಬೆಳಗಿನ ಪಾಳಿ ಮುಗಿಸಿ ಎರಡೂವರೆಗೆ ಮನೆಗೆ ಬಂದು ಬಾಗಿಲು ತಟ್ಟಿದರೆ ಉತ್ತರವಿಲ್ಲ. ಚೀಲ ಅಲ್ಲೇ ಹಾಕಿ ಓಡಿದೆ. ಕಿಟಕಿಯಿಂದ ಇಣುಕಿ ನೋಡಿದೆ. ನಿನ್ನ ಭಾವ ಮಂಚದ ಮೇಲೆ ಬಾಯಿ ಬಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಮೈಮೇಲೆ ಒದ್ದೆ ಬಟ್ಟೆಯಿಲ್ಲ. ನಾಲ್ಕು ಬೇಸಿಗೆಯಲ್ಲಿ ಇವರು ಹಗಲು ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಹೊರಗೆ ಹೊಸ್ತಿಲ ಮೇಲೆ ಒಂದೂವರೆ ಗಂಟೆ ಕೂತೆ. ನೆತ್ತಿ ಸುಡುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಸಂತೋಷಕ್ಕೇ ಬಂತು. ಆಚೆ ಮನೆಯವಳು "ಏನಾಯ್ತು, ಯಾರು ಹೋದರು?" ಎಂದು ಓಡಿ ಬಂದಳು. "ಯಾರೂ ಹೋಗಿಲ್ಲ ಕಣೆ, ಮಲಗಿದಾರೆ" ಎಂದೆ. ಅವಳಿಗೆ ನನ್ನ ತಲೆ ಕೆಟ್ಟಿದೆ ಎನಿಸಿರಬೇಕು.

ಈಗ ಮಧ್ಯಾಹ್ನವಾದರೆ ನಮ್ಮ ಮನೆ ಧರ್ಮಛತ್ರ. ಸಾಲಿನ ಹೆಂಗಸರೆಲ್ಲ ಹೊಲಿಗೆ ಹಿಡಿದುಕೊಂಡು ಬಂದು ಕೂರುತ್ತಾರೆ. ಇವರು ಮಂಚದ ಮೇಲೆ ಯಜಮಾನಿಕೆ ಮಾಡುತ್ತ, "ನನ್ನ ಮೈದುನ ಮಾಡಿದ್ದು, ನಿಮ್ಮ ಮನೆಗೂ ಬರುತ್ತೆ, ಕಾಯಿರಿ" ಎನ್ನುತ್ತಾರೆ.

ಎರಡು ವಾರ ಯಾಕೆ ತಡವಾಯಿತು ಎಂದು ಈಗ ಹೇಳುತ್ತೇನೆ. ಹೊಗೆಯಿಂದ ಬೂದಿ ಹಿಡಿಯುವ ಯಂತ್ರದ ಕೆಳಗೆ ಐದು ಸಾಲು ತೊಟ್ಟಿಗಳಿವೆ. ಮೊದಲ ಸಾಲಿನದು ಮರಳಿನ ಹಾಗೆ, ಕಪ್ಪು, ಸರಿಯಾಗಿ ಸುಡದ ಕಲ್ಲಿದ್ದಲಿನ ಚೂರೇ ಹೆಚ್ಚು. ಐದನೆಯ ಸಾಲಿನದು ಮುಖಕ್ಕೆ ಹಚ್ಚುವ ಪೌಡರು. ನಿನಗೆಂದು ಐದನೆಯ ಸಾಲಿನದನ್ನೇ ತುಂಬಿದೆ. ಅದರಲ್ಲೂ ಅಲ್ಲೊಂದು ಇಲ್ಲೊಂದು ಕರಿ ಕಂಡಿತು. ಕೊಟ್ಟರೆ ಕಸ ಕೊಡಬಾರದು ಎಂದು ಹಳೆಯ ಕಿಟಕಿ ಪರದೆ ಕಟ್ಟಿ, ಪಾಳಿ ಮುಗಿದ ಮೇಲೆ ಹನ್ನೆರಡು ದಿನ ಕೂತು ಸೋಸಿದೆ. ಮೂರು ಮೂಟೆಯಲ್ಲಿ ಒಂದು ಕರಿ ಚುಕ್ಕೆ ತೋರಿಸು ನೋಡೋಣ! ನಾಲ್ಕು ವರ್ಷ ಮುಖ ತೋರಿಸದ ತಮ್ಮನಿಗೆ ಇಷ್ಟು ಮಾಡಿದ್ದೇನೆ, ಇನ್ನು ನಿನ್ನ ಲೆಕ್ಕಕ್ಕೆ ಬಿಟ್ಟದ್ದು.

ಇವತ್ತು ಬೈಯುವ ಮನಸ್ಸಿಲ್ಲದ
ಅಕ್ಕ


ಮಾರ್ಚ್ 8

ಅಕ್ಕಾ,

ಸೋಸಿದ ವಿಷಯ ಯಾರಿಗಾದರೂ ಹೇಳಿದ್ದೀಯಾ? ಭಾವನಿಗೆ ಗೊತ್ತಿದ್ದರೆ ಪರವಾಗಿಲ್ಲ. ಬೇರೆ ಯಾರಿಗೂ ಹೇಳಬೇಡ, ಮೀಸೆಗೂ ಬೇಡ.

ವಸತಿ ವಿಭಾಗದವರು ಏಪ್ರಿಲ್ ಮೊದಲ ವಾರದಲ್ಲಿ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಬೆಂಕಿ, ನೀರು, ಭಾರ, ಎಲ್ಲದರದೂ. ಇದಕ್ಕೆ ಸಣ್ಣ ತುಂಡುಗಳು ಸಾಕು, ಒಲೆಯಲ್ಲಿಟ್ಟು ಬೇಗ ಗಟ್ಟಿ ಮಾಡಬಹುದು. ಇನ್ನೊಂದು ಮೂಟೆ ಬೇಕು. ಅದೇ ಸಾಲಿನದು, ಅದೇ ರೀತಿ ಸೋಸಿದ್ದು. ಇಪ್ಪತ್ತರೊಳಗೆ ಸಿಕ್ಕರೆ ಒಳ್ಳೆಯದು.

ಭಾವ ಮಲಗಿದ್ದು ಕೇಳಿ ಬಹಳ ಖುಷಿಯಾಯಿತು.

ಅವಸರದಲ್ಲಿ,
ತಮ್ಮ


ಮಾರ್ಚ್ 19

ಬುಗುರಿ,

ಮೂಟೆ ಕಳಿಸಿದ್ದೇನೆ. ಕುತ್ತಿಗೆ ಹಿಡಿದುಕೊಂಡಿದೆ, ಎಡಕ್ಕೆ ತಿರುಗಿದರೆ ಮೈಯೆಲ್ಲ ತಿರುಗಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸೀನಿದರೆ ಬೂದಿ.

ನಿನ್ನ ಹಿಂದಿನ ಕಾಗದಗಳೆಲ್ಲ ಎರಡು ಹಾಳೆ. ಇದು ಎಂಟು ಸಾಲು. ನೀನು ಚಿಕ್ಕವನಿದ್ದಾಗಲೂ ಏನಾದರೂ ಒಡೆದುಹಾಕಿದ ದಿನ ಮಾತ್ರ ಕಡಿಮೆ ಮಾತಾಡುತ್ತಿದ್ದೆ. ಏನನ್ನು ಮುಚ್ಚಿಡುತ್ತಿದ್ದೀಯೋ? "ಸೋಸಿದ್ದು ಹೇಳಬೇಡ" ಎಂದರೆ ಏನರ್ಥ? ಕದ್ದಿದ್ದೇನೆಯೇ ನಾನು?

ಉತ್ತರ ಬೇಕಾದ
ಅಕ್ಕ


ಏಪ್ರಿಲ್ 8

ಅಕ್ಕಾ,

ಎರಡನೆಯ ಪರೀಕ್ಷೆಯೂ ಪಾಸಾಯಿತು. ಒಡೆದರು, ಸುಟ್ಟರು, ನೆನೆಸಿದರು, ತುಂಡುಗಳೆಲ್ಲ ಅಲ್ಲೇ ಮುಗಿದವು. ಎಲ್ಲರೂ ಕೈಕುಲುಕಿದರು. ನನ್ನ ಕೈ ತಣ್ಣಗಿದೆ ಎಂದು ಯಜಮಾನರು ನಕ್ಕರು.

ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಕೂತುಕೊಂಡು ಓದು.

ಕಾರ್ಖಾನೆಗೆ ನಿಮ್ಮಲ್ಲಿಂದ ಈಗ ಲಾರಿ ಲಾರಿ ಬೂದಿ ಬರುತ್ತಿದೆ. ಅದು ಐದೂ ಸಾಲಿನದು ಬೆರೆತ ಬೂದಿ. ಅದರಲ್ಲಿರುವ ಕಲ್ಲಿದ್ದಲಿನ ಚೂರು ನೊರೆಯನ್ನು ಕುಡಿದುಬಿಡುತ್ತದೆ. ಗುಳ್ಳೆಗಳು ಒಡೆದು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹಲಗೆ ಮೇಲೆ ನೋಡಲು ಗಟ್ಟಿ, ಒಳಗೆ ಟೊಳ್ಳು. ಮೂರು ವಾರಕ್ಕೆ ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ನಾನೇ ಗುಟ್ಟಾಗಿ ಮಾಡಿ ನೋಡಿದೆ. ಹಿಸುಕಿದರೆ ಬೆರಳು ಇಳಿಯಿತು.

ನೀನು ಸೋಸಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ "ಬಂದ ಹಾಗೆಯೇ" ಎಂದು ಸಹಿ ಹಾಕಿದೆ, ಅಷ್ಟು ತಪ್ಪಲ್ಲ. ಆದರೆ ಮಾರ್ಚಿನಲ್ಲಿ ಗೊತ್ತಾಯಿತು. ಗೊತ್ತಾದ ಮೇಲೆ ಇನ್ನೊಂದು ಮೂಟೆ ಸೋಸಿಸಿದೆ. ಅದು ತಪ್ಪು. ನಿನ್ನ ಕೈಯಿಂದ ಮಾಡಿಸಿದೆ. ಈಗ ಯಾರಾದರೂ ಹಿಂದಿನಿಂದ ಕರೆದರೂ ಬೆಚ್ಚುತ್ತೇನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಳ್ಳುತ್ತೇನೆ.

ಹೇಳಿದರೆ ವರದಿ ಸುಳ್ಳಾಗುತ್ತದೆ, ನನ್ನ ಕೆಲಸ ಹೋಗುತ್ತದೆ, ಏಳು ಜನರ ಶೆಡ್ಡಿಗೆ ಬೀಗ ಬೀಳುತ್ತದೆ. ಹೇಳದಿದ್ದರೆ ನಿಮ್ಮ ಸಾಲಿನಲ್ಲಿ ಆ ಮೆತ್ತನೆಯ ಹಲಗೆ ಏರುತ್ತದೆ. ಒಂದು ದಾರಿ ಹೊಳೆದಿದೆ. ನಿಮ್ಮ ಸಾಲಿನ ಹೆಂಗಸರು ಆರೇಳು ಜನ ಸೇರಿ ದಿನಾ ಸೋಸಿದರೆ? ಐದನೆಯ ಸಾಲಿನ ಬೂದಿಯನ್ನೇ ಬೇರೆ ಮಾಡಿಸಿದರೆ? ಯೋಚಿಸು.

ನಿದ್ದೆಯಿಲ್ಲದ
ತಮ್ಮ


ಏಪ್ರಿಲ್ 13

ಬುಗುರಿ,

ಯೋಚಿಸಿದೆ. ಹನ್ನೆರಡು ದಿನಕ್ಕೆ ಮೂರು ಮೂಟೆ, ಮೂರು ಮೂಟೆಗೆ ಒಂದು ಕೋಣೆ. ನೂರ ನಲವತ್ತು ಮನೆಗೆ ನಾನೊಬ್ಬಳೇ ಸೋಸಿದರೆ ಐದು ವರ್ಷ, ಅಷ್ಟರಲ್ಲಿ ನನ್ನ ಎದೆಯೊಳಗೇ ಒಂದು ಹಲಗೆ ಕಟ್ಟಿರುತ್ತದೆ. ಏಳು ಜನ ಸೋಸಿದರೆ ಏಳು ಜನರ ಎದೆ. ಇದನ್ನು ದಾರಿ ಎನ್ನುತ್ತೀಯಾ? ನಾಚಿಕೆಯಾಗಲಿಲ್ಲವೇ ಬರೆಯಲು?

ನನ್ನ ಕೈ ಬೂದಿಯಾದದ್ದಕ್ಕೆ ನನಗೆ ಬೇಜಾರಿಲ್ಲ. ನನ್ನ ಕೈಯಿಂದ ಸುಳ್ಳು ಹೇಳಿಸಿದೆಯಲ್ಲ, ಅದು ಹೊಟ್ಟೆ ಉರಿಸುತ್ತದೆ. ಒಳ್ಳೆಯದು ಕೊಡಬೇಕು ಎಂದು ಕೂತು ಸೋಸಿದೆ. ನಮ್ಮ ಮನೆಯ ಮರ್ಯಾದೆ ಅಂದುಕೊಂಡೆ. ಅದೇ ಈಗ ನೂರು ಮನೆಯ ಕಣ್ಣಿಗೆ ಮಣ್ಣಾಯಿತು.

ಹೋಗಿ ಹೇಳು. ಇದನ್ನು ಬರೆಯಲು ನನಗೂ ಮೂರು ದಿನ ಹಿಡಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಿನ್ನ ಕಾಗದ ಓದಿದ ದಿನ ನನಗೆ ಮೊದಲು ಬಂದ ಯೋಚನೆ ಆ ಮನೆಗಳದ್ದಲ್ಲ. ನಮ್ಮ ಸೂರಿನದು ಗಟ್ಟಿ ಹಲಗೆ, ಸದ್ಯ, ಎಂಬುದು. ಇಷ್ಟು ಕೆಟ್ಟವಳು ನಾನು ಎಂದು ನನಗೇ ಗೊತ್ತಿರಲಿಲ್ಲ. ಇವರ ಮುಖ ನೋಡಲಾಗದೆ ಎರಡು ದಿನ ಹೆಚ್ಚುವರಿ ಪಾಳಿ ಕೇಳಿ ತೆಗೆದುಕೊಂಡೆ. ಇವರಿಗೆ ಇನ್ನೂ ಹೇಳಿಲ್ಲ.

ಒಂದು ಚಿಟಿಕೆಯೂ ಸೋಸಿಕೊಡದ
ಅಕ್ಕ


ಏಪ್ರಿಲ್ 29

ಬುಗುರಿ,

ಎರಡು ವಾರವಾಯಿತು, ಉತ್ತರವಿಲ್ಲ. ಮೀಸೆಯನ್ನು ಕೇಳಿದರೆ "ಶೆಡ್ಡಲ್ಲೇ ಇರ್ತಾರೆ ಅಕ್ಕ, ಮಾತಾಡ್ಸಿದ್ರೆ ಮಾತಾಡಲ್ಲ" ಎಂದ. ಮತ್ತೆ ಓಡಿಹೋಗುವ ತಯಾರಿಯೇ?

ಮೊದಲನೆಯ ಸಾಲಿನ ಹನ್ನೆರಡು ಮನೆಗೆ ನಿನ್ನ ಕಂಪನಿಯವರು ಹಲಗೆ ಹೊಡೆದು ಹೋಗಿದ್ದಾರೆ. ನೀನು ಆ ಜನರನ್ನು ನೋಡಬೇಕಿತ್ತು, ಮನೆಗೆ ನೆಂಟರು ಬರುವ ಹಾಗೆ ಗುಡಿಸಿ ಒರೆಸಿ ಕಾದಿದ್ದರು. ನಿನ್ನೆ ಅವರಲ್ಲೊಬ್ಬಳು, ಹೊಲಿಗೆ ಮೆಷಿನ್ನಿನವಳು, ನನ್ನನ್ನು ಕರೆದುಕೊಂಡು ಹೋಗಿ ಸ್ಟೂಲು ಹತ್ತಿಸಿದಳು. "ನಿಮ್ಮ ಮನೇದು ಹೀಗಿಲ್ವಲ್ಲ, ನಮ್ಮದು ಯಾಕೆ ಹಿಟ್ಟು ಉದುರಿಸ್ತಿದೆ?" ಎಂದು ಕೇಳಿದಳು. ಮುಟ್ಟಿದೆ. ಬೆರಳು ಇಳಿಯಿತು. ಕೆಳಗೆ ಅವಳ ಅತ್ತೆ ಮಲಗಿದ್ದರು. "ಹೊಸದಲ್ವಾ, ಸರಿಹೋಗುತ್ತೆ" ಎಂದು ಹೇಳಿ ಬಂದೆ. ಇದು ನಾನೇ ಬಾಯಿಬಿಟ್ಟು ಹೇಳಿದ ಸುಳ್ಳು. ಇದಕ್ಕೆ ನೀನು ಕಾರಣನಲ್ಲ, ನಾನೇ.

ಇನ್ನು ನನ್ನಿಂದಾಗುವುದಿಲ್ಲ. ಈ ವಾರದೊಳಗೆ ನೀನು ಹೇಳದಿದ್ದರೆ ನಾನೇ ನಿಮ್ಮ ಯಜಮಾನರ ಮುಂದೆ ಬಂದು ನಿಲ್ಲುತ್ತೇನೆ.

ಅಕ್ಕ


ಮೇ 6

ಅಕ್ಕಾ,

ಹೇಳಿದೆ. ಗುರುವಾರ ಬೆಳಿಗ್ಗೆ, ಯಜಮಾನರು ಇನ್ನೂ ಚೀಲ ಕೆಳಗಿಡುವ ಮುಂಚೆ. ಕೂತು ಹೇಳಿದರೆ ಧೈರ್ಯ ಹೋಗುತ್ತದೆಂದು ನಿಂತೇ ಹೇಳಿದೆ.

ಎಲ್ಲ ಕೇಳಿಸಿಕೊಂಡು ಯಜಮಾನರು, "ಬೂದಿ ಬೂದಿನೇ ಕಣಯ್ಯ, ಸೋಸಿದ್ರೇನು ಬಿಟ್ರೇನು? ನಿನ್ನ ಕೈಯಳತೆ ತಪ್ಪಿದೆ ಅನ್ನು, ಒಪ್ಕೋತೀನಿ" ಎಂದರು.

"ಅಳತೆ ತಪ್ಪಿಲ್ಲ ಸಾರ್. ಬೂದಿ ಬೇರೆ, ವರದಿ ಬೇರೆ. ಸಹಿ ನನ್ನದು."

"ಯಾರು ನಂಬ್ತಾರೆ? ಪರದೆ ಬಟ್ಟೇಲಿ ನಾಲ್ಕು ಮೂಟೆ ಸೋಸಿದ್ರು ಅಂದ್ರೆ ಯಾರು ನಂಬ್ತಾರೆ? ತೋರಿಸು ನೋಡೋಣ."

ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಒಂದು ಹಿಡಿ ಬೂದಿಯನ್ನೂ ಎತ್ತಿಟ್ಟಿರಲಿಲ್ಲ. ಅವರು ಕೆಟ್ಟವರಲ್ಲ ಅಕ್ಕ, ಈ ಶೆಡ್ಡಿಗಾಗಿ ಮನೆ ಅಡವಿಟ್ಟವನಿಗೆ ನಂಬಲು ಇಷ್ಟವಿಲ್ಲ, ಅಷ್ಟೇ. ಕೊನೆಗೆ ಒಂದು ಮಾತಿಗೆ ಒಪ್ಪಿದರು. ಹನ್ನೆರಡನೆಯ ತಾರೀಖು ವಸತಿ ವಿಭಾಗದವರು ಎರಡನೆಯ ಸಾಲಿನ ಕೆಲಸಕ್ಕೆ ಒಪ್ಪಿಗೆ ಕೊಡಲು ಬರುತ್ತಾರೆ. ಅವರೆದುರಿಗೆ ಸೋಸಿದ ಬೂದಿಯ ಹಲಗೆಯನ್ನೂ ಸೋಸದ್ದನ್ನೂ ಪಕ್ಕಪಕ್ಕದ ಪೆಟ್ಟಿಗೆಯಲ್ಲಿಟ್ಟು, ಕೊಯ್ದು ತೋರಿಸಬೇಕು. ವ್ಯತ್ಯಾಸ ಕಂಡರೆ ಕೆಲಸ ನಿಲ್ಲುತ್ತದೆ. ಕಾಣದಿದ್ದರೆ ಉಳಿದ ನೂರ ಇಪ್ಪತ್ತೇಳು ಮನೆಗೂ ಏರುತ್ತದೆ.

ಪೆಟ್ಟಿಗೆಗೆ ಹನ್ನೆರಡು ಹಲಗೆ ಬೇಕು. ಹೊಸದಾಗಿ ಮಾಡಬೇಕೆಂದರೆ ಸೋಸಲೇ ಒಂದು ವಾರದ ಮೇಲೆ, ಒಣಗಲು ಇಪ್ಪತ್ತೆಂಟು ದಿನ; ಇಡೀ ಹಲಗೆ ಒಲೆಗೆ ಹಿಡಿಸುವುದಿಲ್ಲ. ಇರುವುದು ಆರು ದಿನ. ಸೋಸಿದ ಬೂದಿಯ ಹಲಗೆ ಈಗ ಲೋಕದಲ್ಲಿ ಒಂದೇ ಒಂದು ಕಡೆ ಇದೆ. ಎಲ್ಲಿ ಎಂದು ನಿನಗೆ ಗೊತ್ತು.

ನಾನು ಕೇಳುತ್ತಿಲ್ಲ. ಹೊರಗೆ ನಲವತ್ತಮೂರು ಡಿಗ್ರಿ ಇದೆ ಎಂದು ಪ್ರತಿ ಗಂಟೆಗೂ ನೋಡುತ್ತಿದ್ದೇನೆ. ಮಳೆಗೆ ಇನ್ನೂ ತಿಂಗಳ ಮೇಲಿದೆ. ಆ ಹಲಗೆ ತೆಗೆದರೆ ಭಾವನಿಗೆ ಏನಾಗುತ್ತದೆ ಎಂದು ನೀನೇ ಬರೆದಿದ್ದೀಯ. ಬೇರೆ ದಾರಿ ಹುಡುಕುತ್ತೇನೆ. ಕರಿ ಬೆರೆತ ಬೂದಿಯಲ್ಲೇ ನಿಲ್ಲುವ ಹಲಗೆ ಮಾಡಬೇಕೆಂದು ಒಂದು ತಿಂಗಳಿಂದ ಬೇರೆ ಬೇರೆ ಪಾಕ ಹಾಕುತ್ತಿದ್ದೇನೆ. ಮೂವತ್ತೊಂದು ಕೆಟ್ಟವು. ಮೂವತ್ತೆರಡನೆಯದು ಒಂಬತ್ತು ದಿನದಿಂದ ನಿಂತಿದೆ. ಅದನ್ನು ನಂಬಲು ಇನ್ನೂ ಧೈರ್ಯವಿಲ್ಲ.

ಭಾವನಿಗೆ ಈ ಕಾಗದ ಓದಿ ಹೇಳಬೇಡ.

ತಮ್ಮ


ಮೇ 9

ಬುಗುರಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ. ನಾಲ್ಕು ವರ್ಷದಲ್ಲಿ ಇದು ಮೊದಲ ಕಾಗದ. ಹೊಟ್ಟೆಗೆ ಹಾಕಿಕೊ.

ನಿನ್ನಕ್ಕ ನಿನ್ನೆ ಕಾಗದವನ್ನು ದಿಂಬಿನ ಕೆಳಗಿಟ್ಟು ಪಾಳಿಗೆ ಹೋದಳು. ನನ್ನ ದಿಂಬಿನ ಕೆಳಗೆ. ಮರೆತಳೋ, ಬೇಕೆಂದೇ ಇಟ್ಟಳೋ, ನಾನು ಕೇಳಿಲ್ಲ, ನೀನೂ ಕೇಳಬೇಡ.

ಮೊದಲನೆಯ ಸಾಲಿನವರನ್ನು ಕರೆಸಿ ಎಲ್ಲ ಹೇಳಿದೆ. ಹೊಲಿಗೆ ಮೆಷಿನ್ನಿನವಳು ಸ್ಟೂಲು ಹತ್ತಿ ನಮ್ಮ ಹಲಗೆಯನ್ನು ಒತ್ತಿ ನೋಡಿದಳು. ಆಮೇಲೆ ಅವಳ ಗಂಡ ಏಣಿ ತಂದ. ನಾನು ಮಂಚದ ಮೇಲೆ ಕೂತು ಅದು ಹೀಗೆ, ಇದು ಹಾಗೆ ಎಂದು ಹೇಳುತ್ತಿದ್ದೆ, ಅವನು ಒಂದೊಂದೇ ಬಿಚ್ಚಿದ. ಹಾಸಿಗೆ, ಹೊದಿಕೆ, ಎಲ್ಲದರಲ್ಲೂ ಸುತ್ತಿ ಮೀಸೆಯ ಲಾರಿಗೆ ಏರಿಸಿದ್ದೇವೆ. ಹನ್ನೆರಡು ಬೇಕು ಎಂದು ನೀನು ಬರೆದಿದ್ದೆ. ಇಪ್ಪತ್ತೂ ಕಳಿಸಿದ್ದೇನೆ. ದಾರಿಯಲ್ಲಿ ಒಂದೆರಡು ಒಡೆಯುತ್ತವೆ. ಒಡೆಯದಿದ್ದರೂ ಇರಲಿ. ಕೊಯ್ದು ತೋರಿಸುವಾಗ ಕೈ ಬಿಗಿಹಿಡಿಯಬೇಡ.

ನಿನ್ನಕ್ಕ ಪಾಳಿ ಮುಗಿಸಿ ಬಂದು ಮೇಲೆ ನೋಡಿದಳು. ಬಕೆಟ್ಟು ತಂದಿಟ್ಟು ಬಟ್ಟೆ ಒದ್ದೆ ಮಾಡಿಕೊಟ್ಟಳು. ಇವತ್ತು ಅರ್ಧ ದಿನ ರಜೆ ಹಾಕಿದ್ದಾಳೆ.

ನೀನು ಆಸ್ಪತ್ರೆಯಿಂದ ಹೋದದ್ದಕ್ಕೆ ನನಗೆ ಕೋಪವಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಸುಳ್ಳು. ಬಹಳ ಕೋಪವಿತ್ತು. ಗುರುವಾರ ನೀನು ನಿಂತುಕೊಂಡು ಹೇಳಿದೆಯಂತಲ್ಲ, ಅದನ್ನು ಓದಿದ ಮೇಲೆ ಕಡಿಮೆಯಾಗಿದೆ. ಪೂರ್ತಿ ಹೋಗಿಲ್ಲ.

ಕೆಲಸ ಹೋದರೆ ಹೋಗಲಿ. ಇಲ್ಲಿ ಒಂದು ಶೆಡ್ಡು ಸಿಗುತ್ತದೆ, ಬೂದಿಗಂತೂ ಬರವಿಲ್ಲ. ಸೋಸಿದ್ದು ಬೇಡ. ಲಾರಿಯಿಂದ ಇಳಿದದ್ದು ಇಳಿದ ಹಾಗೆ, ಕರಿ ಇದ್ದರೆ ಕರಿಯ ಸಮೇತ, ಅದರಲ್ಲೇ ನಿಲ್ಲುವ ಹಲಗೆ ಬೇಕು. ನಿನ್ನ ಮೂವತ್ತೆರಡನೆಯದು ಇವತ್ತಿಗೆ ಹನ್ನೆರಡು ದಿನ. ನಿಂತಿದೆಯೇ?

ಈಗ ಮಧ್ಯಾಹ್ನ ಎರಡು ಗಂಟೆ. ತಗಡು ಕಾದು ಟಪ್ ಟಪ್ ಎನ್ನುತ್ತಿದೆ. ಈ ಹಾಳೆ ಬರೆಯುವಷ್ಟರಲ್ಲಿ ನಿನ್ನಕ್ಕ ಮೂರು ಸಲ ಬಟ್ಟೆ ಬದಲಾಯಿಸಿದಳು. ಧೈರ್ಯವಾಗಿದ್ದೇನೆ ಎಂದು ಬರೆಯಬಹುದಿತ್ತು. ಇಲ್ಲ, ಬುಗುರಿ, ನನಗೆ ಹೆದರಿಕೆಯಾಗುತ್ತಿದೆ.

ಬೇಗ ಮಾಡು.

ನಿನ್ನ ಭಾವ